ಎಣ್ಣೆ ಸೋರುವ ಮುಂದಿನ ಶಾಕಪ್: ತುಂಬಿಸುವುದೋ, ಗುಜರಿಯದೋ, ಹೊಸದೋ?

ಹಳೆಯ ಆಲ್ಟೊ, ವ್ಯಾಗನ್‌ಆರ್, ಸ್ಯಾಂಟ್ರೊಗಳ ಮುಂದಿನ ಸ್ಟ್ರಟ್ (ಸುತ್ತ ಸ್ಪ್ರಿಂಗ್ ಕೂರುವ ಶಾಕಪ್) ಸೋರತೊಡಗಿದರೆ ಬೆಂಗಳೂರಿನಲ್ಲಿ ಮೂರು ದಾರಿ: ಎಣ್ಣೆ ತುಂಬಿಸುವುದು, ಶಿವಾಜಿನಗರದ ಗುಜರಿ ಮಾಲು, ಇಲ್ಲವೇ ಜೆ.ಸಿ. ರಸ್ತೆಯಿಂದ ಹೊಸ ಜೋಡಿ. ಮೂರನ್ನೂ ಹಾಕಿ ಓಡಿಸಿ ನೋಡಿದ ಮೇಲೆ ಖಚಿತವಾಗಿ ಹೇಳಬಹುದಾದದ್ದು: ಬಿಡಿಭಾಗದ ದರವೊಂದನ್ನೇ ನೋಡಬೇಡಿ. ಬಿಚ್ಚಿ ಹಾಕುವ ಕೂಲಿ, ಅಲೈನ್‌ಮೆಂಟ್ ಖರ್ಚು ಮೂರಕ್ಕೂ ಒಂದೇ. ಎರಡನೇ ಸಲ ಬಿಚ್ಚಿದರೆ ಉಳಿಸಿದ ಹಣ ಅಲ್ಲಿಗೇ ಹೋಯಿತು.

ಮೊದಲು ಸೋರಿಕೆ ನಿಜವೇ ನೋಡಿ. ಶಾಕಪ್ ಒಳಗೆ ಹೋಗಿಬರುವ ಹೊಳೆಯುವ ರಾಡ್ ಬುಡದಲ್ಲಿ ತೆಳುವಾದ ಪಸೆ ಸಹಜ. ಎಣ್ಣೆ ಸ್ಪ್ರಿಂಗ್ ಕೂರುವ ತಟ್ಟೆಯಿಂದ ಕೆಳಗಿಳಿದು, ಧೂಳು ಹಿಡಿದು ಕಪ್ಪು ಮಡ್ಡಿಯಾಗಿದ್ದರೆ ರಾಡ್ ಸುತ್ತ ಎಣ್ಣೆ ತಡೆಯುವ ಸೀಲ್ ಹೋಗಿದೆ ಎಂದೇ ಅರ್ಥ.

ತುಂಬಿಸುವ ಕೆಲಸವೇ ಹೆಚ್ಚು ಕೆಡುವುದು. ಈ ಸ್ಟ್ರಟ್‌ಗಳ ಬಾಯಿ ಕಾರ್ಖಾನೆಯಲ್ಲೇ ಮಡಚಿ ಮುಚ್ಚಿದ್ದು, ಬಿಚ್ಚಲು ನಟ್ ಇರುವುದಿಲ್ಲ. ಹಾಗಾಗಿ ಹೊರಕೊಳವೆಗೆ ತೂತು ಕೊರೆದು, ಎಣ್ಣೆ ಹೊಯ್ದು, ವೆಲ್ಡಿಂಗ್ ಮಾಡುತ್ತಾರೆ. ಕೊರೆದ ಕಬ್ಬಿಣದ ಚೂರು ತಳದ ವಾಲ್ವ್‌ಗೆ ಸಿಕ್ಕಿಕೊಂಡರೆ ಶಾಕಪ್ ಹಿಡಿತವೇ ಹೋಗುತ್ತದೆ. ಗ್ಯಾಸ್ ತುಂಬಿದ ಮಾದರಿಯಲ್ಲಿ ಆ ಗ್ಯಾಸ್ ಹೋದ ಮೇಲೆ ಎಣ್ಣೆ ನೊರೆಯಾಗುತ್ತದೆ: ಮೊದಲ ಹಂಪ್ ಸರಿಯಾಗಿಯೇ ದಾಟಿದ ಗಾಡಿ, ಸಾಲು ಗುಂಡಿಗಳಲ್ಲಿ ಕುಣಿಯತೊಡಗುತ್ತದೆ. ಸೋರಿಹೋದದ್ದೆಷ್ಟು ಎಂಬ ಲೆಕ್ಕ ಯಾರಲ್ಲೂ ಇಲ್ಲದ್ದರಿಂದ ಬಾಯಿತುಂಬ ಹೊಯ್ಯುತ್ತಾರೆ. ರಾಡ್ ಒಳಗಿಳಿಯುವಾಗ ಅದರ ಗಾತ್ರದಷ್ಟು ಎಣ್ಣೆ ಸರಿಯಲು ಖಾಲಿ ಜಾಗ ಬೇಕು. ಅದಿಲ್ಲದಿದ್ದರೆ ಸೀಲ್ ಕಿತ್ತುಬರುತ್ತದೆ. ಎಂಜಿನ್ ಆಯಿಲ್ ಹಾಕುವುದಂತೂ ತಪ್ಪೇ, ಅದು ತೀರ ಮಂದ. ಎಣ್ಣೆಯಿರುವ ಮುಚ್ಚಿದ ಕೊಳವೆಗೆ ವೆಲ್ಡಿಂಗ್ ಬೆಂಕಿ ತಾಗಿಸುವುದು ಜೀವಕ್ಕೇ ಅಪಾಯ. ಇಷ್ಟೆಲ್ಲ ಆದರೂ ಸವೆದ ಸೀಲ್ ಹಾಗೇ ಉಳಿಯುತ್ತದೆ! ಮೇಲೆ ನಟ್ ಇರುವ, ಬಿಚ್ಚಬಹುದಾದ ಹಳೇ ಸ್ಟ್ರಟ್‌ಗೆ ಮಾತ್ರ ಈ ದಾರಿ ಒಪ್ಪುತ್ತದೆ. ಅದಕ್ಕೂ ಹೊಸ ಸೀಲ್ ಹಾಕಿ, ಕಂಪನಿ ಹೇಳಿದಷ್ಟೇ ಎಣ್ಣೆಯನ್ನು ಅಳತೆ ಪಾತ್ರೆಯಲ್ಲಿ ಅಳೆದು ಹೊಯ್ಯಬೇಕು. ರಾಡ್ ಮೇಲೆ ಉಗುರು ಎಳೆದಾಗ ಎಲ್ಲೂ ತಡೆಯಬಾರದು. ತಡೆದರೆ ತುಕ್ಕಿನ ಗುಳಿಯಿದೆ, ಹೊಸ ಸೀಲನ್ನೂ ಕೊಯ್ದುಹಾಕುತ್ತದೆ.

ಗುಜರಿ ಮಾಲನ್ನು ಡೀಸೆಲ್‌ನಲ್ಲಿ ತೊಳೆದು ಕಪ್ಪು ಬಣ್ಣ ಬಳಿದಿರುತ್ತಾರೆ, ನೋಡಲು ಹೊಸದೇ. ನೆಟ್ಟಗೆ ನಿಲ್ಲಿಸಿ, ರಾಡ್ ಒರೆಸಿ, ಇಪ್ಪತ್ತು ಸಲ ಒತ್ತಿ ಎಳೆಯಿರಿ. ಬಿಳಿ ಬಟ್ಟೆಗೆ ಎಣ್ಣೆಯ ಉಂಗುರ ಬಿದ್ದರೆ ಬಿಟ್ಟುಬಿಡಿ. ನಡುವೆ ಎಲ್ಲಾದರೂ ಹಿಡಿತ ತಪ್ಪಿ ಜಾರಿದರೂ ಬೇಡ. ಗ್ಯಾಸ್ ಮಾದರಿಯಲ್ಲಿ ಒತ್ತಿದ ರಾಡ್ ತಾನಾಗಿ ಮೇಲೇಳಬೇಕು. ಎರಡೂ ಒಂದೇ ಗಾಡಿಯಿಂದ ಬಂದವಾಗಿರಬೇಕು.

ಹೊಸ ಜೋಡಿಯೇ ನಮ್ಮ ಆಯ್ಕೆ. ಗೇಬ್ರಿಯಲ್ ಥರದ ಹೊರ ಬ್ರ್ಯಾಂಡ್ ಸಾಕು, ಕಂಪನಿ ಡಬ್ಬಿಯೇ ಆಗಬೇಕೆಂದಿಲ್ಲ. ಜೊತೆಗೆ ಬೂಟ್ (ರಾಡ್ ಮುಚ್ಚುವ ಧೂಳುಗವಚ), ಬಂಪ್ ಸ್ಟಾಪರ್ (ಶಾಕಪ್ ತಳ ಬಡಿಯದಂತೆ ತಡೆಯುವ ಮೆತ್ತೆ) ತಪ್ಪದೆ ಬದಲಿಸಿ, ಏಕೆಂದರೆ ಹರಿದ ಬೂಟ್‌ನಿಂದ ನುಗ್ಗಿದ ಧೂಳೇ ಹೆಚ್ಚಾಗಿ ಹಳೇ ಸೀಲ್ ತಿಂದಿರುವುದು. ಸ್ಟೀರಿಂಗ್ ತಿರುಗಿಸುವಾಗ ಸ್ಪ್ರಿಂಗ್ ಟಣ್ ಎಂದು ಹಾರುತ್ತಿದ್ದರೆ ಮೇಲಿನ ಬೇರಿಂಗ್ ಕೂಡ ಆಗಲೇ ಹಾಕಿಸಿ.

ಹಾಕುವಾಗ ಸ್ಪ್ರಿಂಗ್ ಒತ್ತಿಹಿಡಿಯುವ ಸಾಧನವಾದ ಸ್ಪ್ರಿಂಗ್ ಕಂಪ್ರೆಸರ್‌ನ ಎರಡು ಕೊಕ್ಕೆ ಎದುರುಬದುರಿರಲಿ, ಸ್ಪ್ರಿಂಗ್ ತಟ್ಟೆಯಿಂದ ಸಡಿಲವಾಗುವ ತನಕ ಮೇಲಿನ ನಟ್ ಪೂರ್ತಿ ಬಿಚ್ಚಬೇಡಿ. ಹೊಸ ಸ್ಟ್ರಟ್ಟನ್ನು ನೆಟ್ಟಗೆ ಹಿಡಿದು ನಾಲ್ಕೈದು ಸಲ ಪೂರ್ತಿ ಒತ್ತಿ ಎಳೆದರೆ ಒಳಗಿನ ಗಾಳಿ ಸರಿಯುತ್ತದೆ. ನಟ್ ಬಿಗಿಯುವಾಗ ರಾಡ್ ತಿರುಗದಂತೆ ಅದರ ತುದಿಯ ಕಚ್ಚಿಗೆ ಕೀ ಕೊಡಿ. ಹೊಳೆಯುವ ಭಾಗವನ್ನು ಪ್ಲಯರ್‌ನಲ್ಲಿ ಹಿಡಿದರೆ ಆ ಗೀರೇ ಮುಂದಿನ ಸೋರಿಕೆ. ಕೆಳಗಿನ ಎರಡು ಬೋಲ್ಟ್ ಬಿಚ್ಚಿದರೆ ಚಕ್ರದ ವಾಲಿಕೆ ಬದಲಾಗುತ್ತದೆ, ಆದ್ದರಿಂದ ಬಿಚ್ಚುವ ಮುನ್ನ ಗುರುತು ಹಾಕಿಕೊಂಡು, ಅದೇ ದಿನ ಅಲೈನ್‌ಮೆಂಟ್ ಮಾಡಿಸಿ.