ಕಾಮಧೇನುವಿನ ಕೋಡು: ಕೊರಿಯರ್, ವಿಮೆ ಅಂಚೆ, ಬಸ್ ಪಾರ್ಸೆಲ್

ಕೊಪ್ಪಳದಲ್ಲಿ ನೆಲೆಸಿರುವ ಕಾರಣಕ್ಕೆ, ಕಿನ್ನಾಳದ ಬೊಂಬೆಗಳನ್ನು ಕೊಂಡು ಪರ ಊರಿನ ಬಂಧುಗಳಿಗೆ ಕಳಿಸಿಕೊಡುವ ಕೆಲಸ ಕೆಲವು ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಒಂದೇ ಮನೆಯಲ್ಲಿ ಮಾಡಿಸಿದ, ಸುಮಾರು ಒಂದು ಅಡಿ ಎತ್ತರದ, 4,500 ರೂಪಾಯಿ ಬೆಲೆಯ ಮೂರು ಕಾಮಧೇನುಗಳನ್ನು ಬೇರೆ ಬೇರೆ ಸಮಯದಲ್ಲಿ ಕೊರಿಯರ್, ವಿಮೆ ಮಾಡಿಸಿದ ಸ್ಪೀಡ್ ಪೋಸ್ಟ್ ಮತ್ತು ಸರ್ಕಾರಿ ಬಸ್ಸಿನ ಪಾರ್ಸೆಲ್ ಮೂಲಕ ಕಳಿಸಿದ್ದರಿಂದ, ಈ ಮೂರನ್ನೂ ಹೋಲಿಸಿ ನೋಡುವ ಅವಕಾಶ ನನಗೆ ತಾನಾಗಿಯೇ ಒದಗಿತು.

ವಸ್ತುವಿನ ಸ್ವಭಾವವನ್ನು ಮೊದಲು ಹೇಳಬೇಕು. ಕಿನ್ನಾಳದ ಚಿತ್ರಗಾರರು ಹಗುರವಾದ ಮರದಲ್ಲಿ ಬಿಡಿ ಭಾಗಗಳನ್ನು ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಜೋಡಿಸಿ, ಸಂದುಗಳನ್ನು ಕಿಟ್ಟ ಎಂಬ ಲೇಪದಿಂದ ಮುಚ್ಚಿ, ಆಮೇಲೆ ಬಣ್ಣ ಹಾಕುತ್ತಾರೆ. ಆದ್ದರಿಂದ ಪೆಟ್ಟು ಬಿದ್ದರೆ ಬೊಂಬೆಯ ನಡು ಮುರಿಯುವುದಿಲ್ಲ. ಅಂಟಿಸಿದ ಕೋಡು, ಕಿವಿ, ರೆಕ್ಕೆಗಳು ಬಿಟ್ಟುಕೊಳ್ಳುತ್ತವೆ. ತೂಕ ಕಡಿಮೆ, ಆದರೆ ಡಬ್ಬಿ ದೊಡ್ಡದು. ಈ ಎರಡು ಗುಣಗಳೂ ಸಾಗಣೆಯ ಲೆಕ್ಕದಲ್ಲಿ ನಮ್ಮ ವಿರುದ್ಧವೇ ನಿಲ್ಲುತ್ತವೆ.

ಮೊದಲನೆಯದನ್ನು ಪುಣೆಗೆ ಒಂದು ಖಾಸಗಿ ಕೊರಿಯರ್‌ನಲ್ಲಿ ಕಳಿಸಿದೆ. ತಕ್ಕಡಿಯಲ್ಲಿ ಮೂರು ಕಿಲೋ ಮುಟ್ಟದ ಪೆಟ್ಟಿಗೆಗೆ ಅವರು ಒಂಬತ್ತೂವರೆ ಕಿಲೋಗೂ ಮೀರಿದ ದರ ಹಿಡಿದರು. ಬಹಳಷ್ಟು ಕೊರಿಯರ್‌ಗಳು ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸುತ್ತವೆ. 40, 30, 40ರ ಪೆಟ್ಟಿಗೆಗೆ 9.6 ಕಿಲೋ ಎಂಬ ಉತ್ತರ ಬರುತ್ತದೆ. ಅದನ್ನಾದರೂ ಸಹಿಸಬಹುದಿತ್ತು. ನಾಲ್ಕನೆಯ ದಿನ ಪುಣೆಯಲ್ಲಿ ಅಕ್ಕನ ಮಗ ಮೊದಲು ಸಹಿ ಹಾಕಿ, ಆಮೇಲೆ ಪೆಟ್ಟಿಗೆ ತೆರೆದಾಗ ಎಡಗೋಡು ಬುಡದಿಂದಲೇ ಕಿತ್ತು ಬಂದಿತ್ತು, ರೆಕ್ಕೆಯೊಂದು ಎರಡು ತುಂಡಾಗಿತ್ತು. ಕಚೇರಿಯಲ್ಲಿ ವಿಚಾರಿಸಿದಾಗ ರಸೀದಿಯ ಹಿಂಬದಿಯನ್ನು ಓದಲು ಹೇಳಿದರು. ಇರುವೆ ಸಾಲಿನಂತಹ ಅಕ್ಷರಗಳಲ್ಲಿ, ಮೌಲ್ಯ ಘೋಷಿಸದ ಪಾರ್ಸೆಲ್ಲಿಗೆ ಕಂಪನಿಯ ಹೊಣೆ 100 ರೂಪಾಯಿಗೆ ಸೀಮಿತ ಎಂದು ಅಚ್ಚಾಗಿತ್ತು. ಮುಂಬದಿಯಲ್ಲಿ ನನ್ನ ಸಹಿ ಇತ್ತು.

ಆ ಸಹಿ ಸಣ್ಣ ಸಂಗತಿಯಲ್ಲ. ಭಾರತಿ ನಿಟ್ಟಿಂಗ್ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ, ಕೊರಿಯರ್ ರಸೀದಿಗೆ ಸಹಿ ಹಾಕಿದವರನ್ನು ಅದರಲ್ಲಿ ಅಚ್ಚಾದ ಹೊಣೆಯ ಮಿತಿ ಕಟ್ಟಿಹಾಕುತ್ತದೆ ಎಂದು ತೀರ್ಪು ಕೊಟ್ಟಿದೆ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದಿತ್ತು, ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಆದರೆ ನನ್ನ ಬಳಿ ಬೊಂಬೆಯ ಬೆಲೆಗೆ ಬಿಲ್ಲೇ ಇರಲಿಲ್ಲ, ಪೆಟ್ಟಿಗೆ ಕಟ್ಟುವಾಗ ತೆಗೆದ ಚಿತ್ರವೂ ಇರಲಿಲ್ಲ. ಹಲವು ಪತ್ರಗಳ ನಂತರ ಸಾಗಣೆಯ ಹಣವನ್ನಷ್ಟೇ ಹಿಂದಿರುಗಿಸಿದರು. ತಪ್ಪಿನಲ್ಲಿ ಅರ್ಧ ಪಾಲು ನನ್ನದೇ ಎಂದು ಈಗಲೂ ಭಾವಿಸುತ್ತೇನೆ, ಏಕೆಂದರೆ ಮೌಲ್ಯ ಬರೆಯುವ ಖಾನೆಯನ್ನು ನಾನೇ ಖಾಲಿ ಬಿಟ್ಟಿದ್ದೆ.

ಮುರಿದದ್ದನ್ನು ತರಿಸಿಕೊಂಡು ಕಿನ್ನಾಳಕ್ಕೆ ಒಯ್ದಾಗ ಅದನ್ನು ಮಾಡಿದ ಹಿರಿಯರು ಕೋಡನ್ನು ಬೆರಳಿನಲ್ಲಿ ತಿರುಗಿಸಿ ನೋಡಿ, "ಕೋಡು ಹಚ್ಚಿ ಕೊಡತೀನ್ರಿ ಸರ, ಬಣ್ಣ ಮಾತ್ರ ಮೊದಲಿನಂಗ ಕೂಡೂದಿಲ್ಲ. ನೀವು ಕಟ್ಟಿದ್ದ ತಪ್ಪೈತಿ" ಎಂದರು. ನಾನು ಬೊಂಬೆಯ ಮೈಗೆಲ್ಲ ಗುಳ್ಳೆ ಪ್ಲಾಸ್ಟಿಕ್ ಸುತ್ತಿದ್ದೆ. ಬಿಗಿದಷ್ಟೂ ಅದು ಕೋಡನ್ನೇ ಒತ್ತಿತ್ತು. ಅವರು ಕೋಡಿಗೂ ರೆಕ್ಕೆಗೂ ಬೇರೆ ಬೇರೆಯಾಗಿ ಅರಳೆ ಸುತ್ತಿ, ನಾಲ್ಕು ಕಾಲುಗಳ ನಡುವೆ ಹಳೆಯ ಬಟ್ಟೆಯ ಉಂಡೆ ತುರುಕಿ, ಚಿಕ್ಕ ಪೆಟ್ಟಿಗೆಯಲ್ಲಿಟ್ಟು, ಅದನ್ನು ಭತ್ತದ ಹುಲ್ಲು ತುಂಬಿದ ದೊಡ್ಡ ಪೆಟ್ಟಿಗೆಯೊಳಗೆ ಇರಿಸಿ ತೋರಿಸಿದರು. ಪೆಟ್ಟಿಗೆಯನ್ನು ಅಲುಗಾಡಿಸಿದರೆ ಒಳಗಿನಿಂದ ಸಪ್ಪಳವೇ ಬರಲಿಲ್ಲ. ನಾನು ಕೇಳಿದ ಮೇಲೆ ಬಿಳಿ ಹಾಳೆಯಲ್ಲಿ ಬೆಲೆ, ದಿನಾಂಕ ಬರೆದು ಸಹಿ ಮಾಡಿದ ಬಿಲ್ಲನ್ನೂ ಕೊಟ್ಟರು.

ಎರಡನೆಯದು 2023ರಲ್ಲಿ ಅಂಚೆಯಲ್ಲಿ ಹೋಯಿತು. ಅನೇಕರು ಸ್ಪೀಡ್ ಪೋಸ್ಟ್ ಎಂದರೆ ಸಾಕು, ಸರ್ಕಾರವೇ ಹೊಣೆ ಎಂದು ತಿಳಿಯುತ್ತಾರೆ. ವಿಮೆ ಇಲ್ಲದ ಸ್ಪೀಡ್ ಪೋಸ್ಟ್ ಕಳೆದರೆ ಅಥವಾ ಹಾಳಾದರೆ ಸಿಗುವುದು ಕಟ್ಟಿದ ಶುಲ್ಕದ ಎರಡರಷ್ಟು ಅಥವಾ 1,000 ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. 300 ರೂಪಾಯಿ ಕಟ್ಟಿದ್ದರೆ ಕೈಗೆ ಬರುವುದು 600. ನಿಯಮದಲ್ಲಿ ಒಪ್ಪಿಕೊಂಡಷ್ಟಕ್ಕೆ ಮಾತ್ರ ಅಂಚೆ ಇಲಾಖೆ ಹೊಣೆ ಎಂಬುದು 1898ರ ಕಾಯ್ದೆಯಲ್ಲೂ ಇತ್ತು, 2024ರ ಜೂನ್ 18ರಿಂದ ಜಾರಿಗೆ ಬಂದ ಹೊಸ ಕಾಯ್ದೆಯಲ್ಲೂ ಇದೆ. ಹಾಗಾಗಿ ವಿಮೆಯೇ ಇಲ್ಲಿನ ಜೀವಾಳ. ಆಗಿನ ದರದಲ್ಲಿ ಮೊದಲ 200 ರೂಪಾಯಿ ಮೌಲ್ಯಕ್ಕೆ 10, ಮುಂದಿನ ಪ್ರತಿ ನೂರಕ್ಕೆ 6 ರೂಪಾಯಿಯಂತೆ, 4,500ಕ್ಕೆ ತೆರಿಗೆ ಬಿಟ್ಟು 268 ರೂಪಾಯಿ ಆಯಿತು. ಸಣ್ಣ ಶಾಖಾ ಅಂಚೆ ಕಚೇರಿಯಲ್ಲಿ 600 ರೂಪಾಯಿಗಿಂತ ಹೆಚ್ಚಿಗೆ ವಿಮೆ ಮಾಡುವಂತಿಲ್ಲವಾದ್ದರಿಂದ ಕೊಪ್ಪಳದ ಕಚೇರಿಗೇ ಹೊತ್ತುಕೊಂಡು ಹೋಗಬೇಕಾಯಿತು.

ಅಲ್ಲಿ ಅರಗಿನ ಮುದ್ರೆಯ ಕೆಲಸ ಒಂದು ಗಂಟೆ ಹಿಡಿಯಿತು. ಪೆಟ್ಟಿಗೆಗೆ ಬಟ್ಟೆ ಹೊಲಿದು, ಹೊಲಿಗೆಯ ಉದ್ದಕ್ಕೂ ಅರಗು ಕರಗಿಸಿ, ಎಲ್ಲ ಕಡೆ ಒಂದೇ ಗುರುತಿನ ಮುದ್ರೆ ಒತ್ತಬೇಕು. ನಾಣ್ಯವನ್ನೋ ಅಂಗಿಯ ಗುಂಡಿಯನ್ನೋ ಒತ್ತಿದರೆ ನಡೆಯದು. ಅಜ್ಜನ ಕಾಲದ ಹಿತ್ತಾಳೆಯ ಮುದ್ರೆಯೊಂದು ಮನೆಯಲ್ಲಿದ್ದದ್ದು ಅಂದು ಉಪಯೋಗಕ್ಕೆ ಬಂತು. ಇದು ಹಳೆಯ ಕಾಲದ ಕಟ್ಟಳೆಯಂತೆ ಕಂಡರೂ ಅರ್ಥವಿಲ್ಲದ್ದಲ್ಲ. ಮುದ್ರೆ ಒಡೆದಿದ್ದರೆ ಅಥವಾ ತೂಕ ಕಡಿಮೆಯಾಗಿದ್ದರೆ, ಪಡೆಯುವವರು ಸಹಿ ಹಾಕುವ ಮೊದಲೇ ಅಂಚೆ ಅಧಿಕಾರಿಯ ಎದುರು ತೆರೆಸಿ ನೋಡಬೇಕೆಂದು ಕೇಳಬಹುದು. ಆಕ್ಷೇಪವಿಲ್ಲದೆ ಸಹಿ ಮಾಡಿ ತೆಗೆದುಕೊಂಡರೆ ಪರಿಹಾರದ ಬಾಗಿಲು ಬಹುಮಟ್ಟಿಗೆ ಮುಚ್ಚಿದಂತೆಯೇ. ಕಟ್ಟುವುದರಲ್ಲೇ ದೋಷವಿದ್ದರೂ ಹಾಗೆಯೇ. ಇದನ್ನೆಲ್ಲ ಪುಣೆಗೆ ಫೋನ್ ಮಾಡಿ ಮುಂಚೆಯೇ ಹೇಳಿದ್ದೆ. ಪೆಟ್ಟಿಗೆ ಆರನೆಯ ದಿನ ತಲುಪಿತು, ಮುದ್ರೆಗಳು ಮಾಸಿದ್ದವೇ ಹೊರತು ಒಡೆದಿರಲಿಲ್ಲ, ಕಾಮಧೇನು ಕ್ಷೇಮವಾಗಿತ್ತು. ವೇಗದಲ್ಲಿ ಕೊರಿಯರ್ ಎರಡು ದಿನ ಮುಂದಿತ್ತೆಂಬುದನ್ನು ಒಪ್ಪಬೇಕು.

ಮೂರನೆಯದು ಬೆಂಗಳೂರಿನ ತಂಗಿಗೆ. ರಾಜ್ಯದ ಸಾರಿಗೆ ನಿಗಮಗಳು 2021ರಲ್ಲಿ 'ನಮ್ಮ ಕಾರ್ಗೋ' ಎಂಬ ಪಾರ್ಸೆಲ್ ಸೇವೆ ಆರಂಭಿಸಿದ ಮೇಲೆ ಬಸ್ ಪಾರ್ಸೆಲ್ ಒಂದು ಕ್ರಮಕ್ಕೆ ಬಂದಿದೆ. ಸಂಜೆ ಕೊಪ್ಪಳದಲ್ಲಿ ಕೊಟ್ಟದ್ದನ್ನು ಮರುದಿನ ಬೆಳಿಗ್ಗೆ ತಂಗಿ ನಿಲ್ದಾಣಕ್ಕೆ ಹೋಗಿ ಬಿಡಿಸಿಕೊಂಡಳು. ಒಮ್ಮೆ ಏರಿಸುವುದು, ಒಮ್ಮೆ ಇಳಿಸುವುದು. ನಡುವೆ ಕೈ ಬದಲಾಗುವುದು ಕಡಿಮೆ. ಒಡೆಯುವ ವಸ್ತುವಿಗೆ ಇದು ವಿಮೆಗಿಂತ ದೊಡ್ಡ ರಕ್ಷಣೆ. ಆದರೆ ನೇರ ಬಸ್ಸಿರುವ ಊರಿಗೆ, ಹೋಗಿ ತರುವ ಜನ ಇದ್ದರೆ ಮಾತ್ರ ಇದು ಸಲ್ಲುತ್ತದೆ.

ಲಾರಿ ಟ್ರಾನ್ಸ್‌ಪೋರ್ಟನ್ನು ನಾನು ಬಳಸಿಲ್ಲ. 2007ರ ರಸ್ತೆ ಸಾಗಣೆ ಕಾಯ್ದೆಯಂತೆ ಅಲ್ಲಿಯೂ ಹೆಚ್ಚಿನ ಮೌಲ್ಯ ಘೋಷಿಸದಿದ್ದರೆ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ನಿಲ್ಲುತ್ತದೆ, ಮತ್ತು ಬುಕ್ ಮಾಡಿದ 180 ದಿನದೊಳಗೆ ಲಿಖಿತ ನೋಟಿಸು ಕೊಡದೆ ದಾವೆ ಹೂಡುವಂತಿಲ್ಲ.

ಈಗ ನಾನು ಬೆಂಗಳೂರಿಗಾದರೆ ಬಸ್ಸು, ರಾಜ್ಯದ ಹೊರಗಾದರೆ ವಿಮೆ ಮಾಡಿಸಿದ ಅಂಚೆ ಎಂದು ಇಟ್ಟುಕೊಂಡಿದ್ದೇನೆ. ಕೊರಿಯರ್‌ಗೆ ಕಾಗದಪತ್ರಗಳನ್ನಷ್ಟೇ ಕೊಡುತ್ತೇನೆ. ಕೋಡು ಹಚ್ಚಿಸಿಕೊಂಡ ಮೊದಲ ಕಾಮಧೇನು ನಮ್ಮ ಪಡಸಾಲೆಯಲ್ಲಿಯೇ ಇದೆ. ಎಡಗೋಡಿನ ಬುಡದಲ್ಲಿ ಹಳದಿ ಬಣ್ಣ ಒಂದು ಗೆರೆಯಷ್ಟು ದಟ್ಟವಾಗಿದೆ.