ಹಸಿ ಮೆಕ್ಕೆಜೋಳ ಡ್ರೈಯರ್‌ಗೆ ಹಾಕಿಸಿದ್ದು: ನನ್ನ ಅನುಭವ

ನಮ್ಮದು ದಾವಣಗೆರೆ ತಾಲ್ಲೂಕು, ಮಳೆ ನಂಬಿದ ಹೊಲ. ನಮ್ಮ ಹೋಬಳಿಯಲ್ಲಿ ರೈತರೇ ಸೇರಿ ಹಸಿ ಕಾಳು ಒಣಗಿಸೋ ಒಂದು ಡ್ರೈಯರ್ ನಡೆಸುತ್ತಿದ್ದಾರೆ. ಹೋಗಲೋ ಬೇಡವೋ ಅಂತ ಅನುಮಾನದಲ್ಲಿ ಇರೋರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಚಿತ್ತಾ ಮಳೆ ಮುಗಿಯಿತು ಅಂತ ತೆನೆ ಮುರಿಸಿ, ಕಾಳು ಬಿಡಿಸೋ ಮಿಷನ್‌ಗೆ ಹಾಕಿಸಿದ್ದೆವು. ಸ್ವಾತಿ ಮಳೆ ಹಿಡಿದಿದ್ದು ಮೂರು ದಿನ ಬಿಡಲೇ ಇಲ್ಲ. ಕಣದಲ್ಲಿ 40 ಕ್ವಿಂಟಲ್ ರಾಶಿ, ಮೇಲೆ ತಾಡಪಾಲು. ಮೂರನೇ ದಿನ ಬೆಳಿಗ್ಗೆ ಅವ್ವ ಒಂದು ಮೂಲೆ ಎತ್ತಿ, ರಾಶಿಯೊಳಗೆ ಮೊಣಕೈವರೆಗೆ ಕೈ ಹಾಕಿ ನೋಡಿದಳು. "ಒಳಗೆ ಕಾವು ಬಂದೈತೆ ಕಣಪ್ಪ, ಇವತ್ತೇ ಏನಾದ್ರೂ ಮಾಡು" ಅಂದಳು. ಅವಳು ಹೇಳಿದ್ದು ಸರಿ. ಹಸಿ ಕಾಳು ಮುಚ್ಚಿಟ್ಟರೆ ಒಳಗೊಳಗೇ ಬಿಸಿಯಾಗುತ್ತೆ, ಆಮೇಲೆ ಬೂಷ್ಟು ಹಿಡಿಯುತ್ತೆ. ಬೂಷ್ಟಿನಿಂದ ಅಫ್ಲಾಟಾಕ್ಸಿನ್ ಅನ್ನೋ ವಿಷ ಸೇರಿಕೊಂಡರೆ ಆ ಮಾಲು ಕೋಳಿಗೂ ಆಗಲ್ಲ.

ಮಧ್ಯಾಹ್ನವೇ ಟ್ರ್ಯಾಕ್ಟರ್ ತುಂಬಿಸಿಕೊಂಡು ಹೋದೆ. ಅಲ್ಲಿನ ಹುಡುಗ ಮೇಲೆ, ನಡುವೆ, ತಳ ಅಂತ ಮೂರು ಕಡೆಯಿಂದ ಒಂದೊಂದು ಹಿಡಿ ತೆಗೆದು ತೇವದ ಮೀಟರ್‌ಗೆ ಹಾಕಿದ. ನೂರಕ್ಕೆ 22 ಬಂತು. ಬೇಕಾಗಿದ್ದು 14. ಬೆಂಬಲ ಬೆಲೆಗೆ ಕೊಡೋದಾದರೂ 14ರ ಒಳಗೇ ಇರಬೇಕು, 2025-26ಕ್ಕೆ ಆ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಡ್ರೈಯರ್‌ನ ಒಲೆಗೆ ಹಾಕೋದು ಕಾಳು ಬಿಡಿಸಿ ಉಳಿದ ನಮ್ಮ ಮೆಕ್ಕೆಜೋಳದ ಬೆಂಡೇ. ಆ ಬಿಸಿಗಾಳಿಯನ್ನು ಫ್ಯಾನ್ ಕಾಳಿನ ನಡುವೆ ನುಗ್ಗಿಸುತ್ತೆ. ಬೇಗ ಆಗಲಿ ಅಂತ ಬೆಂಕಿ ಜಾಸ್ತಿ ಮಾಡಿದರೆ ಕಾಳು ಬಿರುಕು ಬಿಡುತ್ತೆ, ಅದಕ್ಕೇ ಅವರು ಅವಸರ ಮಾಡಲ್ಲ. ಇದು ನನಗೆ ತುಂಬಾ ಹಿಡಿಸಿತು.

ಈಗ ತೂಕದ ವಿಷಯ, ಜಗಳ ಆಗೋದೇ ಇಲ್ಲಿ. 40 ಕ್ವಿಂಟಲ್ ಹಾಕಿದ್ದು 36 ಕ್ವಿಂಟಲ್ 25 ಕೆಜಿ ಆಗಿ ಬಂತು. ಪಕ್ಕದ ಟ್ರ್ಯಾಕ್ಟರ್‌ನ ಅಣ್ಣ ಒಬ್ಬರು ತಮ್ಮ ಮಾಲು ಹೊಡೆದರು ಅಂತ ಕೂಗಾಡುತ್ತಿದ್ದರು. ಕೂತು ಲೆಕ್ಕ ಹಾಕಿ ನೋಡಿ: 40 ಕ್ವಿಂಟಲ್‌ನಲ್ಲಿ ನೂರಕ್ಕೆ 22 ಪಾಲು ನೀರು ಅಂದರೆ ಒಣ ಮಾಲು 31 ಕ್ವಿಂಟಲ್ 20 ಕೆಜಿ, ಅದು 14ರ ತೇವದಲ್ಲಿ ತೂಗೋದು ಹೆಚ್ಚುಕಡಿಮೆ 36 ಕ್ವಿಂಟಲ್ 28 ಕೆಜಿ. ಮೂರು ಕೆಜಿ ಹೆಚ್ಚುಕಡಿಮೆ ಅಷ್ಟೇ, ಧೂಳು ಹೋಗಿರುತ್ತೆ. ಹೋಗಿದ್ದು ನೀರು, ನಮ್ಮ ಕಾಳಲ್ಲ. ಹಸಿ ಮಾಲನ್ನೇ ಮಂಡಿಗೆ ಒಯ್ದಿದ್ದರೆ ಇದಕ್ಕಿಂತ ಜಾಸ್ತಿ ಮುರಿದುಕೊಳ್ಳುತ್ತಿದ್ದರು.

ಬೇಜಾರಾಗಿದ್ದು ಎರಡು. ಬಾಡಿಗೆ ಹಸಿ ತೂಕದ ಮೇಲೆ ಹಾಕುತ್ತಾರೆ, ಅದನ್ನು ಮೊದಲೇ ಬಾಯಿಬಿಟ್ಟು ಹೇಳಲ್ಲ. ಬೋರ್ಡಲ್ಲಿ ಬರೆದು ಹಾಕಿದರೆ ಅರ್ಧ ಜಗಳ ಇರಲ್ಲ ಅಲ್ವಾ? ಇನ್ನೊಂದು, ಕಾಯುವ ಟ್ರ್ಯಾಕ್ಟರ್‌ಗಳಿಗೆ ಸೂರಿಲ್ಲ. ನನ್ನ ಸರದಿ ಬಂದಿದ್ದು ರಾತ್ರಿ ಎರಡಕ್ಕೆ, ಅಲ್ಲಿವರೆಗೆ ಜಿಟಿಜಿಟಿ ಮಳೆಯಲ್ಲಿ ಲೋಡಿನ ಮೇಲೆ ತಾಡಪಾಲು ಹಿಡಿದು ನಿಂತಿದ್ದೆ. ಒಣಗಿಸಲು ತಂದ ಮಾಲು ಅಲ್ಲೇ ನೆನೆಯೋದು ಅಂದರೆ ಹೊಟ್ಟೆ ಉರಿಯುತ್ತೆ. ನಾಲ್ಕು ಕಂಬ ನೆಟ್ಟು ಶೀಟ್ ಹಾಕಿಸಿ ಅಂತ ಬರೆದುಕೊಟ್ಟು ಬಂದಿದ್ದೇನೆ.

ಬಿಸಿಲಿದ್ದರೆ ಡ್ರೈಯರ್ ಬೇಡ, ಕಣವೇ ಸಾಕು, ಸುಮ್ನೆ ದುಡ್ಡು ಹಾಕಬೇಡಿ. ಮೋಡ ಎರಡು ದಿನ ಬಿಡಲಿಲ್ಲ ಅಂದರೆ ಮಾತ್ರ ರಾಶಿ ಬಿಸಿಯಾಗುವ ತನಕ ಕಾಯಬೇಡಿ. ಮೊದಲು ಒಂದು ಸೇರು ಕಾಳು ಒಯ್ದು ತೇವ ನೋಡಿಸಿ, ಟೋಕನ್ ಬರೆಸಿ, ಆಮೇಲೆ ಲೋಡ್ ಮಾಡಿ. ಎರಡು ತಾಡಪಾಲು ಇರಲಿ, ರೈತ ಸಂಪರ್ಕ ಕೇಂದ್ರದಲ್ಲಿ ಸಬ್ಸಿಡಿಯಲ್ಲಿ ಕೊಡುತ್ತಾರೆ. ರಾತ್ರಿಗೆ ಬುತ್ತಿ ಕಟ್ಟಿಸಿಕೊಂಡು ಹೋಗಿ, ಅಲ್ಲಿ ಹತ್ತಿರದಲ್ಲಿ ಹೋಟೆಲ್ ಇಲ್ಲ.