ಯೋಮನ್ ರೈತನ ಉಯಿಲೋ, ಸೊತ್ತಿನ ಪಟ್ಟಿಯೋ?

16 ಮತ್ತು 17ನೆಯ ಶತಮಾನಗಳ ಇಂಗ್ಲೆಂಡಿನ ಯೋಮನ್, ಅಂದರೆ ಸಾಮಾನ್ಯವಾಗಿ ಸ್ವಂತ ಜಮೀನಿದ್ದ ಅನುಕೂಲಸ್ಥ ರೈತ, ತನ್ನ ಕಾಲಾನಂತರ ಕುಟುಂಬಕ್ಕೆ ಏನು ಏರ್ಪಾಡು ಮಾಡಿದನೆಂದು ತಿಳಿಯಬಯಸುವವರು ಮೊದಲು ಉಯಿಲನ್ನೇ ಓದಬೇಕೆಂಬುದು ನನ್ನ ಅಭಿಪ್ರಾಯ. ಜಮೀನು ಹೆಚ್ಚಾಗಿ ಹಿರಿಯ ಮಗನಿಗೆ, ಹೆಣ್ಣುಮಕ್ಕಳಿಗೆ 21 ತುಂಬಿದಾಗ ಅಥವಾ ಮದುವೆಯಾದಾಗ ಇಂತಿಷ್ಟು ಹಣ, ಹೆಂಡತಿಗೆ ಮನೆಯಲ್ಲೊಂದು ಕೋಣೆ, ಉರುವಲು, ಹಾಸಿಗೆ ಎಂಬಂತಹ ವಿವರಗಳಲ್ಲಿ ಅವನ ಕಾಳಜಿ ಮನಮುಟ್ಟುವಂತೆ ಕಾಣುತ್ತದೆ. ಬದುಕಿದ್ದಾಗಲೇ ಪಾಲು ಪಡೆದ ಮಗನ ಹೆಸರು ಮಾತ್ರ ಅಲ್ಲಿ ಇಲ್ಲದಿರಬಹುದು. 1529ರ ಕಾಯಿದೆಯಂತೆ ನೆರೆಯವರು ಬೆಲೆಕಟ್ಟಿ ಸಿದ್ಧಪಡಿಸುತ್ತಿದ್ದ ಸೊತ್ತಿನ ಪಟ್ಟಿಯಲ್ಲಿ ದನಕರು, ಧಾನ್ಯ, ಪಾತ್ರೆಗಳ ಲೆಕ್ಕ ಸಿಗುತ್ತದೆ. ಆದರೆ ಸ್ವಂತ ಭೂಮಿ ಅದಕ್ಕೆ ಸೇರುವುದಿಲ್ಲ, ಅವನು ತೀರಿಸಬೇಕಿದ್ದ ಸಾಲವೂ ಹಲವೊಮ್ಮೆ ಇರುವುದಿಲ್ಲ. ಉಯಿಲಿನ ಮಾತನ್ನು ನಡೆಸಿಕೊಡುವಷ್ಟು ಸರಕು ಮನೆಯಲ್ಲಿತ್ತೇ ಎಂಬುದು ನಿಮ್ಮ ಪ್ರಶ್ನೆಯಾದರೆ ಪಟ್ಟಿಯಿಂದಲೇ ಆರಂಭಿಸಿ.